ಮೇಡಂ, ಒಂದು ಪ್ರಶ್ನೆ: ಅನ್ನ ಬಸಿದ ಹಾಗೆ ಕೆಮಿಸ್ಟ್ರಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪ್ರಥಮ ಪಿಯುಸಿ ಮಕ್ಕಳದ್ದು. ಪ್ರತಿ ವರ್ಷ ಈ ಹೊತ್ತಿಗೆ ಹಾಗೇ. ಮೇ ತಿಂಗಳಲ್ಲಿ ಫ್ಲೆಕ್ಸಿನ ಮೇಲೆ ನಗುತ್ತಿದ್ದ ಮುಖಗಳೆಲ್ಲ ಮೊದಲ ಟೆಸ್ಟ್ ಬರೆದು ಮಂಕಾಗಿ ಕೂರುವ ಕಾಲ ಇದು. ಹೆಸರು ಯಾರದ್ದೂ ಹಾಕಿಲ್ಲ. ವಿದ್ಯಾರ್ಥಿಗಳಿಗೆ ‘ನೀನು’ ಅಂತಲೇ ಬರೆದಿದ್ದೇನೆ. ಕ್ಲಾಸಿನ ಅಭ್ಯಾಸ, ಹೋಗಲಿ ಬಿಡಿ.

ಮೇಡಂ, ಹತ್ತನೇ ಕ್ಲಾಸಿನವರೆಗೆ ನಮ್ಮೂರ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 578 ಬಂತು, ಊರವರು ಶಾಲು ಹೊದಿಸಿದರು. ಈಗ ತಾಲ್ಲೂಕಿನ ಕಾಲೇಜಿನಲ್ಲಿ ಪಿಸಿಎಂಬಿ. ಮೊದಲ ಟೆಸ್ಟಿನಲ್ಲಿ 25ಕ್ಕೆ ಫಿಸಿಕ್ಸ್ 6, ಕೆಮಿಸ್ಟ್ರಿ 4. ಪಾಠ ತಲೆಗೆ ಹೋಗುತ್ತಿಲ್ಲ. ಪಕ್ಕದವರೆಲ್ಲ ಗೊತ್ತಿರೋ ಹಾಗೆ ತಲೆ ಆಡಿಸುತ್ತಾರೆ. ಮನೆಯಲ್ಲಿ ಹೇಳಿಲ್ಲ. ನಾನು ನಿಜಕ್ಕೂ ದಡ್ಡಿನಾ?
– ಪ್ರಥಮ ಪಿಯುಸಿ, ಹಾವೇರಿ ಜಿಲ್ಲೆ

ಅಲ್ಲ. ಆದರೆ ಅಷ್ಟು ಹೇಳಿ ಬಿಟ್ಟರೆ ನೀನು ನಂಬುವುದಿಲ್ಲ. ಅದಕ್ಕೇ ಮೊದಲು ನಿನ್ನ 578ನ್ನು ಬಿಡಿಸಿ ನೋಡೋಣ. 625ರಲ್ಲಿ ಪ್ರಥಮ ಭಾಷೆಗೆ 125, ಇನ್ನೆರಡು ಭಾಷೆಗಳಿಗೆ ನೂರು ನೂರು. ಒಟ್ಟು 325 ಬರೀ ಭಾಷೆಯದ್ದು, ಅರ್ಧಕ್ಕಿಂತ ಜಾಸ್ತಿ. ವಿಜ್ಞಾನಕ್ಕೆ ಇದ್ದದ್ದು ಒಂದೇ ಪೇಪರ್. ಅಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಒಂದೇ ತಟ್ಟೆಯಲ್ಲಿ ಉಂಡವು. ಈಗ ಮೂರಕ್ಕೂ ಬೇರೆ ಬೇರೆ ಎಲೆ ಹಾಕಿ, ಒಂದೊಂದರ ಮೇಲೂ ಎಲೆ ತುಂಬ ಬಡಿಸಿದ್ದಾರೆ. ಪಿಯುಸಿಯ 600ರಲ್ಲಿ ಭಾಷೆಗೆ 200 ಮಾತ್ರ. ಹಾಗಾಗಿ ಹೋದ ವರ್ಷದ ಅಂಕ ಸುಳ್ಳಲ್ಲ, ಈ ವರ್ಷದ ಅಂಕವೂ ಸುಳ್ಳಲ್ಲ. ಎರಡೂ ಅಳೆದದ್ದು ಬೇರೆ ಬೇರೆ ವಸ್ತುವನ್ನು. ಇದನ್ನು ಶಾಲು ಹೊದಿಸುವ ದಿನವೇ ಯಾರಾದರೂ ಮಕ್ಕಳಿಗೆ ಹೇಳಬೇಕು, ಯಾರೂ ಹೇಳುವುದಿಲ್ಲ.

ಇನ್ನು ಇಂಗ್ಲಿಷ್. ನಿನಗೆ ವೇಗೋತ್ಕರ್ಷ ಗೊತ್ತು. ಲೆಕ್ಕವನ್ನೂ ಮಾಡಿದ್ದೀಯ. ಆದರೆ ಸರ್ ಅಕ್ಸಲರೇಷನ್ ಅಂದಾಗ ‘ಓ ಇದು ಅದೇ’ ಅಂತ ಹೊಳೆಯುವಷ್ಟರಲ್ಲಿ ಅವರು ಬೋರ್ಡಿನ ಆ ತುದಿಗೆ ಹೋಗಿರುತ್ತಾರೆ. ಮಾಸ್ ಅಂದರೆ ದ್ರವ್ಯರಾಶಿ, ಮೊಮೆಂಟಮ್ ಅಂದರೆ ಸಂವೇಗ, ಬೇಸ್ ಅಂದರೆ ಪ್ರತ್ಯಾಮ್ಲ, ಕ್ಲೋರೊಫಿಲ್ ಅಂದರೆ ಪತ್ರಹರಿತ್ತು. ಎಲ್ಲ ನಿನ್ನ ಹಳೇ ಪರಿಚಯದವರೇ, ಬೇರೆ ಅಂಗಿ ಹಾಕಿಕೊಂಡು ಬಂದಿದ್ದಾರೆ ಅಷ್ಟೆ. ಒಂದು ತಮಾಷೆ ಹೇಳಲಾ? ಇಂಗ್ಲಿಷ್ ಮೀಡಿಯಂ ಮಕ್ಕಳು ಸ್ಪೀಡ್ ಮತ್ತು ವೆಲಾಸಿಟಿಯನ್ನು ಪಿಯುಸಿ ಮುಗಿಯುವವರೆಗೂ ಗೊಂದಲ ಮಾಡಿಕೊಳ್ಳುತ್ತಾರೆ. ನೀನು ಜವ ಬೇರೆ, ವೇಗ ಬೇರೆ ಅಂತ ಒಂಬತ್ತನೇ ಕ್ಲಾಸಿನಲ್ಲೇ ಉರು ಹೊಡೆದಿರುತ್ತೀಯ. ಕಬ್ಬಿಣಕ್ಕೆ ‘ಎಫ್ಇ’ ಅಂತ ಯಾಕೆ ಬರೆಯುತ್ತಾರೆ ಅನ್ನುವುದು ಅವರಿಗೂ ಒಗಟೇ. ಅದು ಲ್ಯಾಟಿನ್ನಿನ ‘ಫೆರ್ರಮ್’. ಆ ವಿಷಯದಲ್ಲಿ ಇಡೀ ಕ್ಲಾಸೇ ಕನ್ನಡ ಮೀಡಿಯಂ ಅಂದುಕೋ.

ನನ್ನ ಕಥೆ ಕೇಳು. ನಾನೂ ನಿನ್ನ ಹಾಗೇ ಬಂದವಳು. ಪ್ರಥಮ ಪಿಯುಸಿ ಲ್ಯಾಬ್, ಟೆಸ್ಟ್ ಟ್ಯೂಬಿನಲ್ಲಿ ಬೆಳ್ಳಗೆ ಪ್ರಕ್ಷೇಪ ತಳಕ್ಕೆ ಕೂತಿದೆ. ಲೆಕ್ಚರರ್ ‘ಡಿಕ್ಯಾಂಟ್ ಇಟ್’ ಅಂದು ಮುಂದಿನ ಟೇಬಲ್ಲಿಗೆ ಹೋದರು. ನನಗೆ ಅದರ ಅರ್ಥ ಗೊತ್ತಿಲ್ಲ. ಕೇಳಿದರೆ ನಗುತ್ತಾರೆ ಅಂತ ಭಯ. ಎಲ್ಲರೂ ಟ್ಯೂಬು ಬಗ್ಗಿಸುತ್ತಿದ್ದರು, ನಾನೂ ಸಿಂಕಿಗೆ ಬಗ್ಗಿಸಿ ಪೂರ್ತಿ ಸುರಿದುಬಿಟ್ಟೆ, ತಳದಲ್ಲಿದ್ದದ್ದೂ ಸೇರಿ! ಆಗಂತೂ ನಕ್ಕರು, ಚೆನ್ನಾಗಿ ನಕ್ಕರು. ಖಾಲಿ ಟ್ಯೂಬು ಹಿಡಿದು ನಿಂತಿದ್ದಾಗ ಲ್ಯಾಬ್ ಅಟೆಂಡರ್ ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ಮನೇಲಿ ಅನ್ನ ಬಸಿಯಲ್ವೇನಮ್ಮಾ? ಗಂಜಿ ಹೋಗಬೇಕು, ಅಗುಳು ಉಳೀಬೇಕು. ಅದೇ ಇದು.’ ಅಷ್ಟೇ. ಎಂಟು ವರ್ಷದಿಂದ ದಿನಾ ಮಾಡುತ್ತಿದ್ದ ಕೆಲಸವದು. ಈಗ ನಾನು ಪಾಠ ಮಾಡುವಾಗ ಡಿಕ್ಯಾಂಟ್ ಅಂದ ತಕ್ಷಣ ಬಸಿಯೋದು ಅಂತ ಸೇರಿಸಿಯೇ ಹೇಳುತ್ತೇನೆ, ಇಂಗ್ಲಿಷ್ ಮೀಡಿಯಂನವರೂ ‘ಹೌದಾ!’ ಅನ್ನುತ್ತಾರೆ.

ಈಗ ನೀನು ಮಾಡಬೇಕಾದದ್ದು. ನಿನ್ನ ಒಂಬತ್ತು, ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ಯಾರಿಗೂ ಕೊಡಬೇಡ, ಗುಜರಿಗಂತೂ ಹಾಕಲೇಬೇಡ. ಅದೇ ಪುಸ್ತಕದ ಇಂಗ್ಲಿಷ್ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು. ಅದೇ ಪಾಠ, ಅದೇ ಚಿತ್ರ, ಬರೀ ಮಾತು ಬೇರೆ. ಡಿಕ್ಷನರಿಗಿಂತ ಇದು ಎಷ್ಟೋ ಮೇಲು, ಯಾಕೆಂದರೆ ವಿಷಯ ನಿನಗೆ ಮೊದಲೇ ಗೊತ್ತಿರುತ್ತದೆ. ದಿನಕ್ಕೆ ನಾಲ್ಕು ಪುಟ ಸಾಕು, ದಸರಾ ರಜೆ ಮುಗಿಯುವಷ್ಟರಲ್ಲಿ ವ್ಯತ್ಯಾಸ ನಿನಗೇ ಕಾಣುತ್ತದೆ. ಕ್ಲಾಸಿನಲ್ಲಿ ಗೊತ್ತಾಗದ ಪದವನ್ನು ಕೇಳಿಸಿದ ಹಾಗೆ ಕನ್ನಡ ಅಕ್ಷರದಲ್ಲೇ ಗೀಚಿಕೋ, ಸ್ಪೆಲ್ಲಿಂಗ್ ಆಮೇಲೆ ಹುಡುಕಿದರಾಯಿತು. ಮತ್ತೆ ಕೇಳು. ಕ್ಲಾಸಿನಲ್ಲಿ ಆಗದಿದ್ದರೆ ಸ್ಟಾಫ್ ರೂಮಿಗೆ ಹೋಗಿ ಕೇಳು, ಅಲ್ಲೂ ಆಗದಿದ್ದರೆ ಅಟೆಂಡರ್‌ ಅಣ್ಣನನ್ನು ಕೇಳು! ತಲೆ ಆಡಿಸುವವರ ಬಗ್ಗೆ ಚಿಂತೆ ಬೇಡ. ಅವರ ಉತ್ತರ ಪತ್ರಿಕೆ ತಿದ್ದುವವಳು ನಾನೇ ಅಲ್ವಾ, ಆ ತಲೆ ಆಡಿಸುವಿಕೆಯ ಬೆಲೆ ನನಗೆ ಗೊತ್ತು.

ಪ್ರಥಮ ಪಿಯುಸಿ ಅಂಕ ಸಿಇಟಿ ರ‍್ಯಾಂಕಿಗೆ ಲೆಕ್ಕವಿಲ್ಲ. ಎಂಜಿನಿಯರಿಂಗಿಗಾದರೆ ದ್ವಿತೀಯ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕದ ಅರ್ಧ, ಸಿಇಟಿಯ ಅರ್ಧ. ಅಂದರೆ ಬೀಳುವುದಕ್ಕೆ ನಿನಗೆ ಒಂದು ವರ್ಷ ಜಾಗವಿದೆ. ಆದರೆ ಸಿಇಟಿಯಲ್ಲಿ ಪ್ರಥಮ ಪಿಯುಸಿ ಪಾಠದ ಪ್ರಶ್ನೆಗಳೂ ಬರುತ್ತವೆ, ಆದ್ದರಿಂದ ಬಿದ್ದಲ್ಲೇ ಮಲಗುವ ಹಾಗಿಲ್ಲ. ಇನ್ನೊಂದು, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಅದಕ್ಕೆ ಬಿಇಒ ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಕೊನೇ ಗಳಿಗೆಯಲ್ಲಿ ಓಡಾಡಬೇಡ, ದೀಪಾವಳಿಗೆ ಊರಿಗೆ ಹೋದಾಗ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ ಬಾ.

ಮನೆಯಲ್ಲಿ ಇವತ್ತೇ ಹೇಳು. 4 ಅನ್ನುವ ಅಂಕಿಯನ್ನು ಅಪ್ಪ ಬೇರೆಯವರ ಬಾಯಿಂದ ಕೇಳಬಾರದು.

ಕೊನೇ ಬೆಂಚಿನವರೇ ಜೀವನದಲ್ಲಿ ಮುಂದೆ ಬರುತ್ತಾರಂತೆ, ನಿಜವಾ ಮೇಡಂ?
– ಕೊನೇ ಬೆಂಚು, ತುಮಕೂರು

ಮುಂದೆ ಬಂದ ಕೊನೇ ಬೆಂಚಿನವರು ಮಾತ್ರ ಹಾಗೆ ಹೇಳುತ್ತಾರೆ. ಉಳಿದವರನ್ನು ಯಾರೂ ಮೈಕ್ ಕೊಟ್ಟು ಕೇಳಿಲ್ಲ.

ಅಪ್ಪ ಹೇಳಿದರು ಅಂತ ಸೈನ್ಸ್ ತಗೊಂಡೆ. ನನಗೆ ಇತಿಹಾಸ ಇಷ್ಟ. ಆರ್ಟ್ಸಿಗೆ ಹೋಗುತ್ತೇನೆ ಅಂದರೆ ‘ನೆಂಟರ ಮುಂದೆ ತಲೆ ಎತ್ತೋದು ಹೇಗೆ’ ಅಂತಾರೆ ಅಮ್ಮ. ಏನು ಮಾಡಲಿ?
– ಪ್ರಥಮ ಪಿಯುಸಿ, ಶಿವಮೊಗ್ಗ

ನಿನ್ನನ್ನೇ ಮೊದಲು ಸ್ವಲ್ಪ ಅನುಮಾನಿಸುತ್ತೇನೆ, ಕ್ಷಮಿಸು. ಫಿಸಿಕ್ಸ್ ಕಷ್ಟವಾದ ಕೂಡಲೇ ಇತಿಹಾಸ ಇಷ್ಟವಾಗುವ ಮಕ್ಕಳನ್ನು ಬಹಳ ನೋಡಿದ್ದೇನೆ. ಅದಕ್ಕೆ ಒಂದು ಪರೀಕ್ಷೆ: ಲೈಬ್ರರಿಯಿಂದ ಪ್ರಥಮ ಪಿಯುಸಿ ಇತಿಹಾಸದ ಪುಸ್ತಕ ತಾ. ಅಲ್ಲಿ ಹಂಪಿ, ಬಾದಾಮಿ ಇರುವುದಿಲ್ಲ. ಈಜಿಪ್ಟ್, ಮೆಸೊಪೊಟೇಮಿಯಾದಿಂದ ಶುರುವಾಗಿ ನೆಪೋಲಿಯನ್, ಎರಡು ಮಹಾಯುದ್ಧ ಅಂತ ಹೋಗುತ್ತದೆ. ಒಂದು ವಾರ ರಾತ್ರಿ ಅದನ್ನು ಓದಿ, ಮೂರು ದೀರ್ಘ ಉತ್ತರ ಬರೆದು ನೋಡು. ಬರೆಯುವಾಗ ಕೈ ನೋಯಿತು, ಆದರೂ ಮುಂದೆ ಏನಾಯಿತು ಅಂತ ಪುಟ ತಿರುಗಿಸಿದೆ ಅಂತಾದರೆ ಅದು ಇಷ್ಟವೇ.

ಆಗ ಅಪ್ಪನ ಜೊತೆ ಮಾತಾಡು, ಆದರೆ ಬರಿಗೈಲಿ ಹೋಗಬೇಡ. ‘ನಂಗೆ ಸೈನ್ಸ್ ಬೇಡ’ ಅಂದರೆ ಅವರಿಗೆ ಬರೀ ಸೋಲು ಕೇಳಿಸುತ್ತದೆ. ಎಚ್ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತಗೊಂಡು ಐದು ವರ್ಷದ ಲಾ ಓದಬಹುದು, ಬಿಎ–ಬಿಎಡ್ ಮಾಡಿ ಮೇಷ್ಟ್ರಾಗಬಹುದು, ಕೆಎಎಸ್, ಐಎಎಸ್‌ಗೆ ಯಾವ ಪದವಿಯಾದರೂ ಸಾಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಅಪ್ಪಂದಿರಿಗೆ ಹಾಳೆಯ ಮೇಲೆ ಗೌರವ ಜಾಸ್ತಿ. ಕಾಂಬಿನೇಷನ್ ಬದಲಾಯಿಸಲು ಈಗ ಆಗುತ್ತದಾ ಅಂತ ನಾಳೆಯೇ ಪ್ರಿನ್ಸಿಪಾಲರನ್ನು ಕೇಳು, ತಡವಾದಷ್ಟೂ ಕಷ್ಟ. ಆಗದಿದ್ದರೂ ಬಾಗಿಲು ಮುಚ್ಚಿಲ್ಲ, ಪಿಯು ಸೈನ್ಸ್ ಪಾಸಾದವರು ಬಿಎಗೆ ಸೇರಬಹುದು. ನೆಂಟರ ವಿಷಯ ಬಿಡು. ಅವರು ನಿನ್ನ ಕಾಂಬಿನೇಷನ್ ಕೇಳುವುದು ಊಟಕ್ಕೆ ಎಲೆ ಹಾಕುವವರೆಗೆ ಮಾತ್ರ.

ಎಸ್ಸೆಸ್ಸೆಲ್ಸಿ ಮ್ಯಾಥ್ಸಲ್ಲಿ ಹೋಯ್ತು. ನನ್ನ ಫ್ರೆಂಡ್ಸೆಲ್ಲ ಕಾಲೇಜಿಗೆ ಸೇರಿದರು. ವಾಟ್ಸ್ಆ್ಯಪ್ ಗ್ರೂಪಲ್ಲಿ ಕಾಲೇಜಿನ ಫೋಟೊ ಹಾಕ್ತಾರೆ, ನೋಡೋಕೆ ಆಗಲ್ಲ. ಮತ್ತೆ ಬರೆಯಬೇಕಾ, ಗ್ಯಾರೇಜ್ ಕೆಲಸಕ್ಕೆ ಹೋಗಲಾ?
– ಚಿಂತಾಮಣಿ

ಬರಿ. ಗ್ಯಾರೇಜಿಗೂ ಹೋಗು, ಬೇಕಿದ್ದರೆ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಯಾರು ಹೇಳಿದರು? 2024ರಿಂದ ಪೂರಕ ಪರೀಕ್ಷೆ ಅನ್ನುವ ಹೆಸರೇ ಹೋಗಿ ಪರೀಕ್ಷೆ-1, ಪರೀಕ್ಷೆ-2 ಅಂತಾಗಿದೆ. ಪಾಸಾದವರೂ ಜಾಸ್ತಿ ಅಂಕಕ್ಕಾಗಿ ಮತ್ತೆ ಬರೆಯುತ್ತಾರೆ. ಹಾಲ್‌ನಲ್ಲಿ ನಿನ್ನ ಪಕ್ಕ ಕೂತವನು ಫೇಲಾದವನೋ, 95ನ್ನು 98 ಮಾಡಲು ಬಂದವನೋ ಗೊತ್ತೇ ಆಗುವುದಿಲ್ಲ.

ಕೈಗೆ ಗ್ರೀಸ್ ಹತ್ತುವುದು ಇಷ್ಟವಾದರೆ ಡಿಪ್ಲೊಮಾ ನೋಡು. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ. ಆಮೇಲೆ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಪಿಯುಸಿಗೆ ಹೋದ ನಿನ್ನ ಫ್ರೆಂಡ್ಸ್ ಅಲ್ಲಿ ನಿನ್ನ ಜೊತೆ ಸಿಕ್ಕರೂ ಸಿಕ್ಕಾರು. ಗ್ರೂಪನ್ನು ಸದ್ಯಕ್ಕೆ ಮ್ಯೂಟ್ ಮಾಡು, ಬಿಟ್ಟು ಹೊರಗೆ ಬರಬೇಡ.

ಎರಡನೇ ಸಲ ನೀಟ್ ಬರೆದೆ, ಈ ಸಲವೂ ಸೀಟು ಬರುವ ಹಾಗಿಲ್ಲ. ಕೋಚಿಂಗಿಗೆ ಅಪ್ಪ ಸಾಲ ಮಾಡಿದ್ದಾರೆ. ಬೆಳಿಗ್ಗೆ ಏಳೋಕೆ ಮನಸ್ಸಾಗಲ್ಲ. ಊಟ ಸೇರಲ್ಲ. ನಾನು ಇಲ್ಲದಿದ್ದರೇ ಇವರಿಗೆ ಹಗುರ ಅನಿಸುತ್ತೆ.
– ಊರು ಬೇಡ

ಈ ಪತ್ರಕ್ಕೆ ಸಂಪಾದಕರ ಮೂಲಕ ಅವತ್ತೇ ಉತ್ತರ ಕಳಿಸಿದ್ದೇನೆ. ಇಲ್ಲೂ ಹಾಕುತ್ತಿದ್ದೇನೆ, ಯಾಕೆಂದರೆ ಇದೇ ಸಾಲನ್ನು ಮನಸ್ಸಿನಲ್ಲೇ ಬರೆದುಕೊಂಡು ಪೋಸ್ಟ್ ಮಾಡದವರು ಇನ್ನೂ ಇರುತ್ತಾರೆ.

ನಿನ್ನ ಕೊನೆಯ ಸಾಲನ್ನು ಇವತ್ತೇ ಒಬ್ಬ ಮನುಷ್ಯನಿಗೆ ಬಾಯಿಬಿಟ್ಟು ಹೇಳಬೇಕು. ಅಕ್ಕ, ಮಾವ, ಹಳೇ ಮೇಷ್ಟ್ರು, ಯಾರಾದರೂ ಸರಿ. ಹೇಳಿ, ಅವರ ಜೊತೆಯೇ ಇರು, ಇವತ್ತು ರಾತ್ರಿ ಒಬ್ಬನೇ ಮಲಗಬೇಡ. ಯಾರಿಗೂ ಹೇಳಲು ಆಗದಿದ್ದರೆ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಆದರೆ ಅದು ಸೋಮಾರಿತನ ಅಲ್ಲ, ಡಾಕ್ಟರಿಗೆ ತೋರಿಸಬೇಕಾದ ಸಂಗತಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳು. ಜ್ವರಕ್ಕೆ ಹೋದ ಹಾಗೆ ಹೋಗಿ ಬಾ.

ಸಾಲದ ಲೆಕ್ಕ ನಿನ್ನ ಅಪ್ಪನಿಗೆ ಚೆನ್ನಾಗಿ ಗೊತ್ತು, ನಿನಗೆ ಗೊತ್ತಿಲ್ಲ. ಅದು ತೀರಿಸಬಹುದಾದ ಲೆಕ್ಕ. ನೀನು ಇಲ್ಲದಿದ್ದರೆ ಅವರಿಗೆ ಹಗುರ ಅಂತ ನಿನಗೆ ಅನಿಸುತ್ತಿರುವುದು ಕಾಯಿಲೆ ಮಾಡುವ ಗಣಿತ. ಸೀಟು, ಕೋರ್ಸು ಇದೆಲ್ಲ ಈ ತಿಂಗಳು ಬೇಡ. ಎರಡು ಹೊತ್ತು ಸರಿಯಾಗಿ ಉಣ್ಣುವಂತಾದ ಮೇಲೆ ಬರಿ, ನರ್ಸಿಂಗ್, ಫಿಸಿಯೊಥೆರಪಿ, ಬಿಎಸ್‌ಸಿ ಅಗ್ರಿ ಎಲ್ಲವನ್ನೂ ಕೂತು ನೋಡೋಣ. ನಿಮ್ಮದು ರೈತರ ಮನೆ ಅಂತ ಪತ್ರದಲ್ಲಿ ಬರೆದಿದ್ದೀಯ. ಅಗ್ರಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಕೃಷಿಯ ವಸ್ತುಗಳನ್ನು ಗುರುತಿಸಿ ಹೇಳಬೇಕು. ಅದಕ್ಕೆ ಯಾವ ಕೋಚಿಂಗೂ ಬೇಡ ಅಲ್ವಾ, ನಿನಗೆ.

ರೂಮ್‌ಮೇಟ್ಸ್ ಜೊತೆ ಹೊರಗೆ ತಿಂದು, ಸಿನಿಮಾಕ್ಕೆ ಹೋಗಿ 4,200 ರೂಪಾಯಿ ಸಾಲವಾಗಿದೆ. ಇಲ್ಲ ಅನ್ನೋಕೆ ನಾಚಿಕೆ. ಲೋನ್ ಆ್ಯಪಲ್ಲಿ ತಗೊಂಡು ತೀರಿಸಿಬಿಡಲಾ?
– ಬಿಕಾಂ ಮೊದಲ ವರ್ಷ, ಮೈಸೂರು

ಬೇಡ, ಬೇಡ, ಬೇಡ. ಈಗ ನಾಲ್ಕು ಜನ ಫ್ರೆಂಡ್ಸಿಗೆ ಸಾಲಗಾರ. ಆಮೇಲೆ ನಿನ್ನ ಫೋನಿನಲ್ಲಿರುವ ಎಲ್ಲರ ನಂಬರೂ ಆ ಆ್ಯಪಿನವರ ಕೈಗೆ ಹೋಗುತ್ತದೆ, ಬಾಕಿ ಉಳಿದರೆ ನಿಮ್ಮ ಸೋದರತ್ತೆಗೂ ಫೋನ್ ಹೋಗುತ್ತದೆ. ಈಗಾಗಲೇ ತಗೊಂಡು ಬೆದರಿಕೆ ಬರುತ್ತಿದ್ದರೆ ದುಡ್ಡು ಹಾಕುತ್ತಾ ಕೂರಬೇಡ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಹೇಳು.

ಫ್ರೆಂಡ್ಸಿಗೆ ನೇರವಾಗಿ ಹೇಳು: ‘ತಿಂಗಳಿಗೆ 700ರ ಹಾಗೆ ಕೊಡ್ತೀನಿ, ಅಲ್ಲಿವರೆಗೆ ನನ್ನನ್ನ ಹೊರಗೆ ಕರೀಬೇಡ್ರೋ.’ ಆರು ತಿಂಗಳಲ್ಲಿ ಮುಗಿಯುತ್ತದೆ. ಮದುವೆ ಸೀಸನ್ನಿನಲ್ಲಿ ಕೇಟರಿಂಗಿನವರ ಜೊತೆ ಬಡಿಸಲು ಹೋಗುವ ಹುಡುಗರು ನಿನ್ನ ಕಾಲೇಜಿನಲ್ಲೇ ಇರುತ್ತಾರೆ, ವಿಚಾರಿಸು. ಊಟವೂ ಅಲ್ಲೇ ಆಗುತ್ತದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ್ದೀಯಾ? ಹಿಂದುಳಿದ ವರ್ಗದವನಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ಊಟ–ವಸತಿಗೆ ವಿದ್ಯಾಸಿರಿ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯಾ ನೋಡಿಕೋ, ಎಷ್ಟೋ ಮಕ್ಕಳ ದುಡ್ಡು ಅಲ್ಲೇ ಸಿಕ್ಕಿಕೊಂಡಿರುತ್ತದೆ.

ನಾಚಿಕೆಯ ಬಗ್ಗೆ ಒಂದು ಮಾತು. ನೀನು ‘ಇಲ್ಲ ಕಣ್ರೋ, ದುಡ್ಡಿಲ್ಲ’ ಅಂದ ದಿನ ಆ ನಾಲ್ವರಲ್ಲಿ ಇನ್ನೊಬ್ಬ ‘ನನ್ ಹತ್ರಾನೂ ಇಲ್ಲ’ ಅನ್ನುತ್ತಾನೆ, ನೋಡ್ತಾ ಇರು.

ಮಗಳು ಕಾಲೇಜಿಗೆ ಸೇರಿದ ಮೇಲೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಮೊದಲು ಎಲ್ಲ ಹೇಳುತ್ತಿದ್ದಳು. ಫೋನ್ ಕಿತ್ತುಕೊಳ್ಳಲಾ?
– ಒಬ್ಬ ತಾಯಿ, ದಾವಣಗೆರೆ

ಹದಿನೇಳಕ್ಕೆ ಬಾಗಿಲು ಹಾಕಿಕೊಳ್ಳುತ್ತಾರೆ ತಾಯಿ, ನಾವು ಬಾಗಿಲಿಲ್ಲದ ಮನೆಯಲ್ಲಿ ಬೆಳೆದಿದ್ದರಿಂದ ಹಿತ್ತಲಿಗೆ ಹೋಗುತ್ತಿದ್ದೆವು. ಫೋನ್ ಕಿತ್ತುಕೊಂಡರೆ ಅದು ನಿಮ್ಮ ಕೈಯಲ್ಲಿರುತ್ತದೆ, ಮಗಳು ಇರುವುದಿಲ್ಲ. ರಾತ್ರಿ ಹತ್ತೂವರೆಗೆ ಮನೆಯ ಎಲ್ಲರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ, ನಿಮ್ಮದೂ ಅವಳ ಅಪ್ಪನದೂ ಸೇರಿ. ಇಷ್ಟು ಸಾಕು. ಊಟಕ್ಕೆ ಕೂತಾಗ ಅಂಕ, ಟೆಸ್ಟು ಬಿಟ್ಟು ಬೇರೆ ಏನಾದರೂ ಕೇಳಿ. ಕ್ಯಾಂಟೀನಿನಲ್ಲಿ ಏನು ಚೆನ್ನಾಗಿರುತ್ತದೆ ಅಂತ ಕೇಳಿ ನೋಡಿ.

ನಾನು ಇಷ್ಟಪಡೋ ಹುಡುಗಿ ಟ್ಯೂಷನ್ ಬದಲಾಯಿಸಿದಳು. ನಾನೂ ಬದಲಾಯಿಸಲಾ?
– ದ್ವಿತೀಯ ಪಿಯುಸಿ, ಹಾಸನ

ಹಳೇ ಟ್ಯೂಷನ್ನಿನವರು ಕಟ್ಟಿದ ಫೀಸು ವಾಪಸ್ ಕೊಡುತ್ತಾರಾ ಅಂತ ಮೊದಲು ಕೇಳು. ಅವಳು ಯಾಕೆ ಬದಲಾಯಿಸಿದಳು ಅಂತಲೂ ಸ್ವಲ್ಪ ಯೋಚಿಸು.

ಕಾಲೇಜಿನ ಎತ್ನಿಕ್ ಡೇಗೆ ಅಮ್ಮನ ರೇಷ್ಮೆ ಸೀರೆ ಕೇಳಿದರೆ ಕೊಡುತ್ತಿಲ್ಲ. ನೀವಾದರೂ ಹೇಳಿ ಮೇಡಂ!
– ಬಿಎಸ್‌ಸಿ, ಉಡುಪಿ

ಅವತ್ತು ಲ್ಯಾಬ್ ಇದೆಯಾ? ಇದ್ದರೆ ನಾನು ಅಮ್ಮನ ಕಡೆ. ನನ್ನ ಎರಡು ಕಾಟನ್ ಸೀರೆಗಳ ಸೆರಗಿನಲ್ಲಿ ಸಲ್ಫ್ಯೂರಿಕ್ ಆ್ಯಸಿಡ್ ಮಾಡಿದ ತೂತುಗಳು ಈಗಲೂ ಇವೆ, ಬೇಕಿದ್ದರೆ ಅದನ್ನು ಉಟ್ಟುಕೊಂಡು ಹೋಗು, ಕಳಿಸುತ್ತೇನೆ.